ಕಂಪನಿಗೆಲ್ಲ ಒಬ್ಬರೇ ಡಿಸೈನರ್: ‘ಇದು ಸರಿಯಿಲ್ಲ’ ಅನ್ನುವವರು ಯಾರು?

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋಲ್‌ಸೇಲ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. 45 ಜನರಿದ್ದೇವೆ, 16 ಮಂದಿ ಡೆವಲಪರ್‌ಗಳು, ಡಿಸೈನರ್ ನಾನೊಬ್ಬಳೇ. ಮಾಲೀಕರು ಒಳ್ಳೆಯವರು. ಏನು ಮಾಡಿಕೊಟ್ಟರೂ ‘ಮಸ್ತ್ ಐತಿ’ ಅನ್ನುತ್ತಾರೆ. ನನ್ನ ಜೊತೆ ಓದಿದವರು ಬೆಂಗಳೂರಿನಲ್ಲಿ ಸೀನಿಯರ್ ಆಗಿದ್ದಾರೆ, ಕ್ರಿಟೀಕ್ (ಒಬ್ಬರ ಕೆಲಸವನ್ನು ಇನ್ನೊಬ್ಬರು ವಿಮರ್ಶಿಸುವುದು), ಡಿಸೈನ್ ಸಿಸ್ಟಮ್ (ಎಲ್ಲ ಸ್ಕ್ರೀನ್‌ಗಳಿಗೂ ಒಂದೇ ಬಗೆಯ ಬಟನ್, ಬಣ್ಣ) ಅಂತೆಲ್ಲ ಮಾತಾಡುತ್ತಾರೆ. ನನ್ನ ತಿಂಗಳಲ್ಲಿ ಹತ್ತು ದಿನ ಪೋಸ್ಟರ್, ಬ್ಯಾನರ್‌ಗಳಿಗೇ ಹೋಗುತ್ತದೆ. ನಾನು ಬೆಳೆಯುತ್ತಿದ್ದೇನಾ, ನಿಂತಲ್ಲೇ ನಿಂತಿದ್ದೇನಾ ತಿಳಿಯುತ್ತಿಲ್ಲ. ಬೆಂಗಳೂರಿಗೆ ಹೋಗುವುದೊಂದೇ ದಾರಿಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ‘ಮಸ್ತ್ ಐತಿ’ ಅನ್ನುವಲ್ಲಿ ನಿಂತುಬಿಟ್ಟೆ. ಪೋಸ್ಟರ್‌ನ ಕಾಟ, ಗೆಳತಿಯರ ಹುದ್ದೆ, ಇವೆಲ್ಲ ಆಮೇಲಿನ ಮಾತು. ಮೂರು ವರ್ಷದಿಂದ ನಿಮ್ಮ ಕೆಲಸ ನೋಡಿ ಯಾರೂ ‘ಇದು ಸರಿಯಿಲ್ಲ’ ಅಂದಿಲ್ಲ. ತೊಂದರೆ ಇರುವುದು ಅಲ್ಲಿ.

ಹೀಗೆ ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. 2009ರಿಂದ 2013ರವರೆಗೆ ನಾನೂ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಒಬ್ಬನೇ ಡಿಸೈನರ್ ಆಗಿದ್ದೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನಾನು ಮಾಡಿದ್ದೇ ಅಂತಿಮ. ಡೆವಲಪರ್‌ಗಳು ‘ನೀವು ಹೇಳಿದ ಹಾಗೆ’ ಅನ್ನುತ್ತಿದ್ದರು, ಮಾಲೀಕರಿಗೆ ಬಣ್ಣ ಇಷ್ಟವಾದರೆ ಮುಗಿಯಿತು. ನಾಲ್ಕು ವರ್ಷ ಆದಮೇಲೆ ದೊಡ್ಡ ಕಂಪನಿಯೊಂದರ ಇಂಟರ್‌ವ್ಯೂಗೆ ಹೋದೆ. ಎದುರು ಕೂತವರು ನನ್ನ ಸ್ಕ್ರೀನ್‌ಗಳನ್ನೆಲ್ಲ ಸಮಾಧಾನವಾಗಿ ನೋಡಿ, ‘ಯಾರೋ ಒಪ್ಪದೆ, ನೀವು ವಾದ ಮಾಡಿ, ಕೊನೆಗೆ ನಿಮ್ಮದೇ ತಪ್ಪು ಅಂತ ಬದಲಾಯಿಸಿದ ಒಂದು ಸ್ಕ್ರೀನ್ ತೋರಿಸಿ’ ಅಂದರು. ಲ್ಯಾಪ್‌ಟಾಪ್‌ನಲ್ಲಿ ಹುಡುಕುವವನ ಹಾಗೆ ನಟಿಸಿದೆ. ಅಂಥದ್ದು ಒಂದೂ ಇರಲಿಲ್ಲ. ಕೆಲಸ ಸಿಗಲಿಲ್ಲ, ಸಿಗಬಾರದಿತ್ತು ಕೂಡ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಒಂಟಿ ಡಿಸೈನರ್‌ನ ಕಥೆ ಅದೇ. ದೊಡ್ಡ ತಂಡದಲ್ಲಿರುವ ನಿಮ್ಮ ಗೆಳತಿಯರು ನಿಮಗಿಂತ ಜಾಣರು ಎಂದೇನಿಲ್ಲ. ಅವರು ಮಾಡಿದ ತಪ್ಪು ವಾರದೊಳಗೆ ಅವರಿಗೇ ವಾಪಸ್ ಬರುತ್ತದೆ, ಅಷ್ಟೇ. ಪಕ್ಕದ ಕುರ್ಚಿಯವರು ಹೇಳುತ್ತಾರೆ, ಇಲ್ಲವಾದರೆ ಸಂಶೋಧನೆಯ ತಂಡದವರು ಹೇಳುತ್ತಾರೆ. ನಿಮ್ಮ ತಪ್ಪು ಎಲ್ಲಿಗೆ ಹೋಗುತ್ತದೆ? ಗದಗಿನ ಯಾವುದೋ ಅಂಗಡಿಯ ಗುಮಾಸ್ತರ ತಲೆನೋವಾಗುತ್ತದೆ, ಸಪೋರ್ಟ್‌ನವರ ಫೋನ್ ಕರೆಯಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಮೇಜಿಗೆ ಬರುವುದೇ ಇಲ್ಲ. ಅದು ಬರುವ ದಾರಿಯನ್ನು ನೀವೇ ಮಾಡಿಕೊಳ್ಳಬೇಕು. ಸೀನಿಯರ್ ಇಲ್ಲದ ಊರಿನಲ್ಲಿ ನಾನು ಕಂಡುಕೊಂಡ ಉಪಾಯ ಇದೊಂದೇ. ಕೋರ್ಸ್, ಸರ್ಟಿಫಿಕೇಟ್‌ಗಳ ಬಗ್ಗೆ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಮೊದಲು ಅಂಗಡಿ. ಬರೀ ‘ಬಳಕೆದಾರರನ್ನು ಭೇಟಿ ಮಾಡಿ’ ಎಂದರೆ ಅದರಲ್ಲಿ ಏನೂ ಇಲ್ಲ, ಆದ್ದರಿಂದ ನಾನು ಕಂಡದ್ದನ್ನೇ ಹೇಳುತ್ತೇನೆ. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೆ ನಾನು ಸೇರಿದ್ದು ನಿಮ್ಮ ಹಾಗೇ ಅಂಗಡಿ ಬಿಲ್ಲಿಂಗ್‌ನ ಕಂಪನಿಗೆ. ಅಲ್ಲೂ ಮೊದಲ ಎರಡು ವರ್ಷ ನಾನೊಬ್ಬನೇ. ಈ ಸಲ ಬುದ್ಧಿ ಬಂದಿತ್ತು, ಸೇರಿದ ತಿಂಗಳಲ್ಲೇ ದಾವಣಗೆರೆಯ ಒಂದು ದಿನಸಿ ಹೋಲ್‌ಸೇಲ್ ಅಂಗಡಿಗೆ ಹೋಗಿ ಗಲ್ಲಾ ಪಕ್ಕದ ಸ್ಟೂಲ್ ಮೇಲೆ ಎರಡು ಗಂಟೆ ಕೂತೆ. ಗುಮಾಸ್ತರ ಬಲಗೈ ತೂಕದ ಯಂತ್ರದ ಮೇಲೆ. ಕಿವಿಗೂ ಹೆಗಲಿಗೂ ನಡುವೆ ಫೋನ್. ಎಡಗೈ ಕೀಬೋರ್ಡ್ ಮೇಲೆ. ಮೌಸ್ ಎಲ್ಲಿ ಅಂತ ನೋಡಿದರೆ ಸಕ್ಕರೆ ಚೀಲದ ಮೇಲೆ ಮಲಗಿತ್ತು, ಅದರ ಮೇಲೊಂದು ರಸೀದಿ ಪುಸ್ತಕ. ನಾನು ಒಂದು ವಾರ ಬಣ್ಣ ಆರಿಸಿ, ನೆರಳು ಹಾಕಿ, ಮೂಲೆ ದುಂಡಗೆ ಮಾಡಿದ್ದ ‘ಉಳಿಸಿ’ ಬಟನ್ ಅನ್ನು ಆ ಎರಡು ಗಂಟೆಯಲ್ಲಿ ಒಮ್ಮೆಯೂ ಯಾರೂ ಒತ್ತಲಿಲ್ಲ. ಎಂಟರ್, ಎಂಟರ್, ಎಂಟರ್, ಅಷ್ಟೇ. ನಮ್ಮಲ್ಲಿ ಲೆಕ್ಕ ಬರೆಯುವವರ ಬೆರಳಿಗೆ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ರೂಢಿ. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ ಅದು. ಎಫ್8 ಅಂದರೆ ಮಾರಾಟ, ಎಫ್9 ಅಂದರೆ ಖರೀದಿ, ಇದು ಗುಮಾಸ್ತರಿಗೆ ಕಣ್ಣು ಮುಚ್ಚಿದರೂ ಗೊತ್ತು. ನನ್ನ ಸ್ಕ್ರೀನ್‌ನಲ್ಲಿ ಎಫ್8 ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅವರು ಪ್ರತಿ ಬಿಲ್ಲಿಗೂ ಒಮ್ಮೆ ಎಫ್8 ಒತ್ತಿ, ಏನೂ ಆಗದೆ, ನಾಲಿಗೆ ಲೊಚ್ ಅನ್ನಿಸಿ ಮುಂದೆ ಹೋಗುತ್ತಿದ್ದರು. ಆ ‘ಲೊಚ್’ ನನಗೆ ಸಿಕ್ಕ ಮೊದಲ ಡಿಸೈನ್ ಕ್ರಿಟೀಕ್.

ಇನ್ನೊಂದು ನಿಮ್ಮ ಕಡೆಯದು. ಗದಗಿನಲ್ಲಿ ನಮ್ಮ ಬಿಲ್ಲು ಸಣ್ಣ ಥರ್ಮಲ್ ಪ್ರಿಂಟರ್‌ನಲ್ಲಿ ಬರುತ್ತಿತ್ತು, ಆ 58 ಮಿಲಿಮೀಟರ್ ಅಗಲದ ಸುರುಳಿ ಕಾಗದದ್ದು. ಅದರ ಅಡ್ಡಗೆರೆಯಲ್ಲಿ ಇರುವುದು 384 ಚುಕ್ಕಿ ಮಾತ್ರ. ನಾವು ಬಳಸುತ್ತಿದ್ದ ಪ್ರಿಂಟರ್‌ನೊಳಗೆ ಕನ್ನಡದ ಅಕ್ಷರಗಳೇ ಇರಲಿಲ್ಲ, ಹಾಗಾಗಿ ಸಾಲನ್ನೇ ಚಿತ್ರ ಮಾಡಿ ಕಳಿಸುತ್ತಿದ್ದೆವು. ಕಾಗದ ಉಳಿಸಲೆಂದು ಸಾಲಿನ ಎತ್ತರ ಬಿಗಿ ಮಾಡಿದ್ದೆ. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅದು ಕತ್ತರಿಸಿ ಹೋಗಿತ್ತು. ಅಂಗಡಿಯ ಹಿರಿಯರು ಬಿಲ್ಲನ್ನು ಕಣ್ಣಿನ ಹತ್ತಿರ ಹಿಡಿದು, ‘ಏನ್ರೀ ಇದು, ಅಕಿ ಇಪ್ಪತ್ತೈದ್ ಕೇಜಿ ಅಂತ ಬರದೀರಿ? ಯಾಕಿ ಅಕಿ?’ ಅಂದರು. ಅಕ್ಕಿಯ ಒತ್ತು ಹೋಗಿ ‘ಅಕಿ’ ಆಗಿತ್ತು, ನಿಮ್ಮ ಕಡೆಯ ಮಾತಿನಲ್ಲಿ ‘ಅವಳು’. ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಅವತ್ತಿನಿಂದ ಯಾವ ಸ್ಕ್ರೀನ್‌ ಇರಲಿ, ಬಿಲ್ಲಿರಲಿ, ‘ಅಕ್ಕಿ, ಕತ್ತೆ, ರಾಷ್ಟ್ರ, ಸ್ತ್ರೀ’ ಎಂಬ ನಾಲ್ಕು ಪದ ಹಾಕಿ ನೋಡದೆ ಬಿಡುವುದಿಲ್ಲ. ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಿದ್ದರೆ ಕನ್ನಡಕ್ಕೆ ಉಸಿರು ಕಟ್ಟುತ್ತದೆ. ಈಗ ನಾನು ಕಲಿಸುವ ಹುಡುಗರಿಗೆಲ್ಲ ಇದನ್ನು ಹೇಳುತ್ತೇನೆ. ಇದನ್ನು ನನಗೆ ಯಾವ ಸೀನಿಯರ್ ಡಿಸೈನರೂ ಹೇಳಿಕೊಟ್ಟಿದ್ದಲ್ಲ.

ಎಷ್ಟು ಅಂಗಡಿಗೆ ಹೋಗಬೇಕು ಅಂತ ಕೇಳುತ್ತೀರಿ. ಸಾಫ್ಟ್‌ವೇರ್ ಬಳಸಲು ಎಷ್ಟು ಸುಲಭ ಅಂತ ಸಂಶೋಧನೆ ಮಾಡಿದ ಜಾಕೋಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡವರ್ 1993ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಅವರು ನೋಡಿದ ಪ್ರಾಜೆಕ್ಟ್‌ಗಳಲ್ಲಿ ಒಬ್ಬ ಬಳಕೆದಾರ ಸರಾಸರಿ 31 ಶೇಕಡಾ ತೊಂದರೆಗಳನ್ನು ಬಯಲು ಮಾಡುತ್ತಿದ್ದ. ಆ ಲೆಕ್ಕದಲ್ಲಿ ಐದು ಜನರಾಗುವ ಹೊತ್ತಿಗೆ ಸುಮಾರು 85 ಶೇಕಡಾ ಹೊರಬರುತ್ತದೆ, ಆಮೇಲೆ ಕಂಡದ್ದೇ ಮತ್ತೆ ಮತ್ತೆ ಕಾಣುತ್ತದೆ. ಈ ಐದರ ಮೇಲೆ ಜಗಳಗಳಿವೆ, ಎಲ್ಲ ಕೆಲಸಕ್ಕೂ ಒಪ್ಪುವ ಸಂಖ್ಯೆಯಲ್ಲ. ಆದರೆ ಒಂಟಿ ಡಿಸೈನರ್‌ಗೆ ಅದರಲ್ಲಿರುವ ಸಮಾಧಾನ ದೊಡ್ಡದು. ಹದಿನೈದು ಅಂಗಡಿ ಸುತ್ತಿ ವರದಿ ಬರೆಯಬೇಕಿಲ್ಲ. ಐದಕ್ಕೆ ಹೋಗಿ, ತಿದ್ದಿ, ಮತ್ತೆ ಐದಕ್ಕೆ ಹೋಗಿ. ಹುಬ್ಬಳ್ಳಿಯಲ್ಲಿ ಕೂತು ಹೋಲ್‌ಸೇಲ್ ಅಂಗಡಿ ಹುಡುಕುವುದು ಕಷ್ಟವಲ್ಲ. ಬೆಂಗಳೂರಿನ ನಿಮ್ಮ ಗೆಳತಿಯರು ಇದಕ್ಕಾಗಿ ಮೂರು ಜನರ ಅನುಮತಿ ತೆಗೆದುಕೊಂಡು, ಏಜೆನ್ಸಿಗೆ ದುಡ್ಡು ಕೊಟ್ಟು, ಗಾಜಿನ ಕೋಣೆಯಲ್ಲಿ ಕೂರಿಸಿ ನೋಡುತ್ತಾರೆ. ನಿಮಗೆ ಆಟೋ ಸಾಕು.

ಆದರೆ ಅಲ್ಲಿ ಹೋಗಿ ‘ಹೇಗಿದೆ ನಮ್ಮ ಸಾಫ್ಟ್‌ವೇರ್?’ ಅಂತ ಮಾತ್ರ ಕೇಳಬೇಡಿ. ಮನೆಗೆ ಬಂದವರಿಗೆ ‘ಉಪ್ಪಿಟ್ಟು ಹೇಗಿದೆ’ ಅಂತ ಕೇಳಿದ ಹಾಗೆ. ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಕೆಲಸ ಕೊಡಿ. ‘ನಿನ್ನೆ ಕೊಟ್ಟ ಉದ್ರಿ ಬಿಲ್ಲಿನಲ್ಲಿ ಎರಡು ಚೀಲ ವಾಪಸ್ ಬಂದಿದೆ ಅಂದುಕೊಳ್ಳಿ, ಹೇಗೆ ಹಾಕುತ್ತೀರಿ?’ ಅಂತ ಹೇಳಿ ಬಾಯಿ ಮುಚ್ಚಿಕೊಂಡು ನೋಡಿ. ಬಾಯಿ ಮುಚ್ಚಿಕೊಳ್ಳುವುದೇ ಕಷ್ಟ. ಅವರು ತಪ್ಪು ಜಾಗ ಒತ್ತುವಾಗ ನಿಮ್ಮ ಕೈ ತಾನಾಗಿ ಸ್ಕ್ರೀನ್‌ ಕಡೆ ಹೋಗುತ್ತದೆ. ಕೈ ಕಟ್ಟಿ ಕೂರಿ.

ಕಚೇರಿಯಲ್ಲೂ ಇದೇ ನಿಯಮ. ನಿಮ್ಮಲ್ಲಿರುವ 16 ಡೆವಲಪರ್‌ಗಳ ಹತ್ತಿರ ನಿಮಗಿಲ್ಲದ ಒಂದು ಒಳ್ಳೆಯ ರೂಢಿ ಇದೆ, ಗಮನಿಸಿದ್ದೀರಾ? ಒಬ್ಬರು ಬರೆದ ಕೋಡ್ ಅನ್ನು ಇನ್ನೊಬ್ಬರು ನೋಡದೆ ಒಳಗೆ ಸೇರಿಸುವುದಿಲ್ಲ. ಕೋಡ್ ಸೇರಿಸಲು ಒಪ್ಪಿಗೆ ಕೇಳುವ ‘ಪುಲ್ ರಿಕ್ವೆಸ್ಟ್‌’ನಲ್ಲಿ ‘ಇದು ಯಾಕೆ ಹೀಗೆ?’ ಅಂತ ಸಣ್ಣ ಸಣ್ಣ ಪ್ರಶ್ನೆ ಬರೆಯುತ್ತಾರೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಆ ರೂಢಿಯನ್ನು ಹಾಗೇ ಎತ್ತಿಕೊಳ್ಳಿ. ಇಬ್ಬರನ್ನು ಆರಿಸಿ. ಒಬ್ಬರು ಕೋಡ್ ಬರೆಯುವವರಲ್ಲಿ ಸ್ವಲ್ಪ ಜಗಳಗಂಟ ಅನ್ನಿಸಿಕೊಂಡವರಾಗಿರಲಿ, ಇನ್ನೊಬ್ಬರು ಸಪೋರ್ಟ್‌ನಲ್ಲಿ ದಿನವಿಡೀ ಫೋನ್ ಎತ್ತುವವರು. ಇವರಿಬ್ಬರೂ ನೋಡದೆ ನನ್ನ ಡಿಸೈನ್ ಕೆಲಸಕ್ಕೆ ಹೋಗುವುದಿಲ್ಲ ಅಂತ ನೀವೇ ಘೋಷಿಸಿಬಿಡಿ. ಅವರಿಗೆ ಡಿಸೈನ್ ಭಾಷೆ ಬರಬೇಕಿಲ್ಲ. ಸಪೋರ್ಟ್‌ನವರು ‘ಈ ಕ್ರೆಡಿಟ್ ಅನ್ನೋ ಪದ ನೋಡಿದರೆ ನನಗೆ ದಿನಾ ಫೋನ್ ಬರ್ತದೆ, ಉದ್ರಿ ಅಂತ ಹಾಕ್ರಿ’ ಅಂದರೆ, ನೀವು ಆರು ತಿಂಗಳಲ್ಲಿ ಮಾಡುವ ಬಹಳಷ್ಟು ಕೆಲಸಕ್ಕಿಂತ ಅದು ದೊಡ್ಡ ಸುಧಾರಣೆ.

ಚಾಟ್‌ಬಾಟ್‌ಗಳನ್ನು ಕೇಳಬಹುದಲ್ಲ ಅನ್ನುತ್ತೀರೇನೋ. ಕೇಳಿ. ಖಾಲಿ ಪಟ್ಟಿ ಹೇಗೆ ಕಾಣಬೇಕು, ಇಂಟರ್‌ನೆಟ್ ಹೋದರೆ ಏನಾಗಬೇಕು, ಹೀಗೆ ಮರೆತುಹೋದ ಸ್ಥಿತಿಗಳನ್ನು ನೆನಪಿಸಲು ಅವು ಉಪಯುಕ್ತ. ಆದರೆ ನನ್ನ ಅನುಭವದಲ್ಲಿ ಅವೂ ನಿಮ್ಮ ಮಾಲೀಕರ ಜಾತಿಯವೇ. ‘ಮಸ್ತ್ ಐತಿ’ ಅನ್ನುವುದು ಜಾಸ್ತಿ.

ಈಗ ನೋಟ್‌ಬುಕ್ಕು. ಕಾಗದದ್ದೋ ಫೋನಿನದೋ, ಯಾವುದಾದರೂ ಸರಿ. ಒಂದು ದೊಡ್ಡ ತೀರ್ಮಾನ ತೆಗೆದುಕೊಂಡ ದಿನ ನಾಲ್ಕು ಸಾಲು ಬರೆದಿಡಿ: ಏನು ಬದಲಾಯಿಸಿದೆ, ಯಾಕೆ, ಏನಾಗುತ್ತದೆ ಅಂತ ಅಂದಾಜು, ಎಷ್ಟು ಖಾತ್ರಿ. ಕೊನೆಗೆ ಮತ್ತೆ ನೋಡುವ ತಾರೀಖು. ನನ್ನ ಹಳೆಯ ಪುಸ್ತಕದ್ದೊಂದು ಪುಟ ಇದು:

‘ಮಾರ್ಚ್ 4. ಉದ್ರಿ ಬಟನ್ ಅನ್ನು ನಗದು ಪಕ್ಕದಿಂದ ತೆಗೆದು ಮೆನು ಒಳಗೆ ಹಾಕಿದೆ. ಕಾರಣ: ಅವಸರದಲ್ಲಿ ತಪ್ಪಿ ಒತ್ತುತ್ತಾರೆ, ಆಮೇಲೆ ತಿದ್ದಲು ಫೋನ್ ಮಾಡುತ್ತಾರೆ. ಅಂದಾಜು: ಆ ಕರೆಗಳು ಅರ್ಧಕ್ಕೆ ಇಳಿಯುತ್ತವೆ. ಖಾತ್ರಿ: ಹತ್ತಕ್ಕೆ ಎಂಟು. ಜೂನ್ ಮೊದಲ ವಾರ ನೋಡುವುದು.’

ಜೂನ್‌ನಲ್ಲಿ ಸಪೋರ್ಟ್ ಪಟ್ಟಿ ತೆಗೆದೆ. ತಪ್ಪಿ ಒತ್ತಿದ ಕರೆಗಳು ಇಳಿದಿದ್ದವು, ನಿಜ. ಅದರ ಬದಲು ‘ಉದ್ರಿ ಎಲ್ಲಿ ಹೋಯ್ತು?’ ಎಂಬ ಕರೆಗಳು ಅದಕ್ಕಿಂತ ಹೆಚ್ಚು ಬಂದಿದ್ದವು. ಒಂದು ಅಂಗಡಿಯವರಂತೂ ಉದ್ರಿಯನ್ನೆಲ್ಲ ಕೆಂಪು ರಟ್ಟಿನ ಹಳೇ ಖಾತೆ ಪುಸ್ತಕಕ್ಕೇ ವಾಪಸ್ ಒಯ್ದಿದ್ದರು. ಹತ್ತಕ್ಕೆ ಎಂಟು ಖಾತ್ರಿ ಅಂತ ನನ್ನದೇ ಅಕ್ಷರದಲ್ಲಿ ಬರೆದಿತ್ತಲ್ಲ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಬರೆಯದಿದ್ದರೆ ಏನಾಗುತ್ತಿತ್ತು ಗೊತ್ತೇ? ‘ಹೌದು, ನನಗೆ ಆಗಲೇ ಅನುಮಾನವಿತ್ತು’ ಅಂತ ನಾನೇ ನನಗೆ ಹೇಳಿಕೊಂಡು ಮುಂದೆ ಹೋಗುತ್ತಿದ್ದೆ.

ಒಂದು ವರ್ಷ ಇದನ್ನು ಬರೆದರೆ ಇನ್ನೊಂದು ಕಾಣುತ್ತದೆ. ನೀವು ಯಾವುದರಲ್ಲಿ ಪದೇಪದೇ ಎಡವುತ್ತೀರಿ ಅನ್ನುವುದು. ನನ್ನದು, ಜಾಗ ಬದಲಾಯಿಸಿದರೆ ಜನ ಹುಡುಕಿಕೊಳ್ಳುತ್ತಾರೆ ಎಂಬ ನಂಬಿಕೆ. ವರ್ಷದಲ್ಲಿ ಐದು ಸಲ ಅದೇ ತಪ್ಪು ಮಾಡಿದ್ದೆ. ಯಾವ ಸೀನಿಯರ್‌ಗೂ ಅಷ್ಟು ನಿಖರವಾಗಿ ಹೇಳಲು ಆಗುತ್ತಿರಲಿಲ್ಲ, ಅವರಿಗೆ ನನ್ನ ಐದು ತೀರ್ಮಾನಗಳೂ ನೆನಪಿರುತ್ತಿರಲಿಲ್ಲ. ‘ಬೆಳೆಯುತ್ತಿದ್ದೇನಾ’ ಅಂತ ಕೇಳಿದ್ದೀರಿ. ಹಳೆಯ ಪುಟಗಳಲ್ಲಿ ನಿಮ್ಮ ಅಂದಾಜುಗಳು ನಿಜಕ್ಕೆ ಹತ್ತಿರ ಬರುತ್ತಿವೆಯೋ ಇಲ್ಲವೋ ಅನ್ನುವುದೇ ಅದಕ್ಕೆ ಉತ್ತರ.

ಪೋಸ್ಟರ್ ವಿಷಯ ಬೇಗ ಮುಗಿಸುತ್ತೇನೆ. ಎರಡು ತಿಂಗಳು ಗಂಟೆ ಲೆಕ್ಕ ಬರೆದಿಡಿ. ಹತ್ತು ದಿನ ಅನ್ನುವುದು ನಿಮ್ಮ ಅಂದಾಜು, ಮಾಲೀಕರ ಮುಂದೆ ಅಂಕಿ ಬೇಕು. ರಾಜ್ಯೋತ್ಸವ ಪ್ರತಿವರ್ಷ ನವೆಂಬರ್ 1ಕ್ಕೇ ಬರುತ್ತದೆ. ಸಂಕ್ರಾಂತಿ, ಯುಗಾದಿ, ಗಣೇಶ, ದಸರಾ, ದೀಪಾವಳಿ, ಎಲ್ಲ ಪಂಚಾಂಗದಲ್ಲಿವೆ. ಆದರೂ ಹಿಂದಿನ ದಿನ ಸಂಜೆ ಐದಕ್ಕೇ ‘ಒಂದು ಪೋಸ್ಟರ್ ಬೇಕಿತ್ತು’ ಅಂತ ನೆನಪಾಗುತ್ತದೆ. ವರ್ಷಕ್ಕೊಮ್ಮೆ ಒಂದು ವಾರ ಕೂತು ಎಲ್ಲಕ್ಕೂ ಟೆಂಪ್ಲೇಟ್ ಮಾಡಿ, ಪೋಸ್ಟರ್ ಮಾಡುವ ಕ್ಯಾನ್ವಾ ಆ್ಯಪ್‌ನಲ್ಲಿ ಹಾಕಿ, ಎಚ್‌ಆರ್‌ನವರ ಕೈಗೆ ಕೊಟ್ಟುಬಿಡಿ. ಅವರು ಮಾಡಿದ್ದು ನಿಮ್ಮಷ್ಟು ಚೆಂದ ಬರುವುದಿಲ್ಲ. ಬರದಿದ್ದರೆ ಬರದೇ ಹೋಗಲಿ, ಅದನ್ನು ತಡೆದುಕೊಳ್ಳುವುದೂ ಒಂದು ಕಲಿಕೆ. ಮಾಲೀಕರ ಮನೆಯ ಗೃಹಪ್ರವೇಶದ ಕಾರ್ಡ್ ಕೇಳಿದರೆ ಮಾತ್ರ ಮಾಡಿಕೊಡಿ, ಊಟಕ್ಕೂ ಹೋಗಿ. ನಾನು ಎರಡನ್ನೂ ಮಾಡಿದ್ದೇನೆ.

ಉಳಿದ ಸಮಯದಲ್ಲಿ ಏನು ಕಲಿಯಬೇಕು? ಇಲ್ಲೊಂದು ಹಳೆಯ ಉದಾಹರಣೆ ಹೇಳಬೇಕು ಅನ್ನಿಸುತ್ತಿದೆ. 1983ರಲ್ಲಿ ಆ್ಯಪಲ್‌ನ ಮ್ಯಾಕಿಂಟಾಷ್ ತಂಡ ಸೇರಿದ ಸೂಸನ್ ಕೇರ್ ಓದಿದ್ದು ಕಲೆಯ ಇತಿಹಾಸ. ಕಂಪ್ಯೂಟರ್ ಪರದೆಗೆ ಚಿತ್ರ ಬರೆದು ಗೊತ್ತಿರಲಿಲ್ಲ, ಕೇಳೋಣ ಅಂದರೆ ಆ ಕೆಲಸ ಬಲ್ಲವರೂ ಆಗ ಹೆಚ್ಚಿರಲಿಲ್ಲ. ಸುತ್ತ ಇದ್ದವರು ಇಂಜಿನಿಯರ್‌ಗಳು. ಒಂದು ಐಕಾನ್‌ಗೆ ಉದ್ದ 32, ಅಗಲ 32, ಒಟ್ಟು 1024 ಚೌಕ. ಆಕೆ ಗ್ರಾಫ್ ಪುಸ್ತಕ ತಂದು ಚೌಕ ತುಂಬುತ್ತ ಕೂತರು. ಮೊಸಾಯಿಕ್ ಮತ್ತು ಕಸೂತಿಯಂಥ ಹಳೆಯ ಕಲೆಗಳು ಚೌಕಗಳಲ್ಲೇ ಚಿತ್ರ ಕಟ್ಟುವವು ಅನ್ನುವುದು ಆಕೆಗೆ ಗೊತ್ತಿತ್ತು. ಮ್ಯಾಕ್ ಕೀಬೋರ್ಡ್‌ನ ಮೇಲಿರುವ ಆ ನಾಲ್ಕು ಕುಣಿಕೆಯ ಕಮಾಂಡ್ ಗುರುತನ್ನು ಅವರು ಚಿಹ್ನೆಗಳ ಪುಸ್ತಕವೊಂದನ್ನು ಜಾಲಾಡಿ ಎತ್ತಿಕೊಂಡರು. ಸ್ವೀಡನ್ನಿನಲ್ಲಿ ಅದು ನೋಡತಕ್ಕ ಜಾಗಗಳ ಬೋರ್ಡು.

ಇದನ್ನು ಹೇಳುವಾಗ ನನಗೆ ನಿಮ್ಮ ಪಕ್ಕದ ಧಾರವಾಡವೇ ನೆನಪಾಗುತ್ತದೆ. ಕಸೂತಿ ಹಾಕುವ ಅಜ್ಜಿಯರು ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸುತ್ತಾರೆ. ಗವಂತಿ ಎಂಬ ಹೊಲಿಗೆಯಲ್ಲಿ ಹಾಕಿದ ಗೋಪುರ ಸೀರೆಯ ಮುಂದೆಯೂ ಹಿಂದೆಯೂ ಒಂದೇ ಥರ ಕಾಣುತ್ತದೆ, ಎಲ್ಲೂ ಗಂಟಿಲ್ಲ. ಉದ್ದ 24, ಅಗಲ 24 ಚೌಕದ ಐಕಾನ್ ಒಂದರಲ್ಲಿ ಗೆರೆ ಯಾಕೆ ಮಸುಕಾಯಿತು ಅಂತ ತಲೆ ಕೆಡಿಸಿಕೊಳ್ಳುವಾಗ ಒಂದು ಇಳಕಲ್ ಸೀರೆಯ ಸೆರಗನ್ನು ಹತ್ತಿರದಿಂದ ನೋಡಿ. ಉತ್ಪ್ರೇಕ್ಷೆ ಮಾಡುತ್ತಿಲ್ಲ, ಎಳೆ ಎಣಿಸದೆ ಗೆರೆ ಹಾಕಿದರೆ ಏನಾಗುತ್ತದೆ ಅಂತ ನನಗೆ ಅರ್ಥವಾದದ್ದು ಹಾಗೆಯೇ.

ಅಳೆದು ನೋಡಬಹುದಾದ ಸಂಗತಿಗಳನ್ನು ಮಾತ್ರ ಅಳೆದೇ ಕಲಿಯಿರಿ, ಅಭಿರುಚಿಗೆ ಬಿಡಬೇಡಿ. ನಾನು ಆಸ್ಪತ್ರೆಯ ಸ್ಕ್ರೀನ್‌ಗಳಲ್ಲಿ ತಿಳಿ ಬೂದು ಅಕ್ಷರ ಹಾಕುತ್ತಿದ್ದೆ, ಬಣ್ಣದ ಕೋಡ್ #999999. ಬಿಳಿ ಹಿನ್ನೆಲೆಯ ಮೇಲೆ ಬಲು ನಾಜೂಕಾಗಿ ಕಾಣುತ್ತಿತ್ತು, ನನ್ನ ಹೊಸ ಮಾನಿಟರ್‌ನಲ್ಲಿ. ವಾರ್ಡಿನ ಹಳೇ ಮಾನಿಟರ್ ಪಕ್ಕದಲ್ಲಿ ನರ್ಸ್ ಒಬ್ಬರು ಚೀಟಿ ಅಂಟಿಸಿಕೊಂಡಿದ್ದರು, ಯಾವ ಖಾನೆ ಯಾವುದು ಅಂತ. ಓದಲು ಆಗುತ್ತಿರಲಿಲ್ಲ, ಅದಕ್ಕೆ. ಪರದೆಯನ್ನು ಎಲ್ಲರೂ ಓದುವಂತಿರಬೇಕು ಅನ್ನುವ ಡಬ್ಲ್ಯೂಸಿಎಜಿ ನಿಯಮದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ಅಂತರ (ಕಾಂಟ್ರಾಸ್ಟ್) ಇರಬೇಕು. ನನ್ನದು 2.85 ಇತ್ತು. ಇನ್ನೂ ಗಾಢವಾದ ಬೂದು #767676ಕ್ಕೆ ಬಂದರೆ 4.54, ಅಷ್ಟಕ್ಕೆ ಪಾಸು. ಇದಕ್ಕೆ ಸೀನಿಯರ್ ಬೇಕಿರಲಿಲ್ಲ, ಲೆಕ್ಕ ಹಾಕುವ ಬುದ್ಧಿ ಬೇಕಿತ್ತು.

ಅಂಗಡಿ ಲೆಕ್ಕವನ್ನೂ ಕಲಿಯಿರಿ, ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾದ ಹೊಸ ಸೌಲಭ್ಯಕ್ಕಿಂತ ಮೊದಲು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವಲ್ಲ, ಆ ವಾರ ನಿಮ್ಮ ಕಚೇರಿಯಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. 21ರಂದು ಮಾರಿದ ಸರಕು 25ಕ್ಕೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕು, ಅದೇ ಗಿರಾಕಿಯ ಹೊಸ ಬಿಲ್ಲು ಹೊಸ ದರದಲ್ಲಿ. ತೆರಿಗೆಯ ದರ ವಸ್ತುವಿಗೆ ಅಂಟಿಕೊಂಡಿರುವ ಒಂದು ಅಂಕಿ ಅಂತ ತಿಳಿದು ಸ್ಕ್ರೀನ್ ಮಾಡಿದವರಿಗೂ, ಅದು ತಾರೀಖಿನ ಜೊತೆ ಬದಲಾಗುವಂಥದ್ದು ಅಂತ ತಿಳಿದು ಮಾಡಿದವರಿಗೂ ಅವತ್ತು ವ್ಯತ್ಯಾಸ ಗೊತ್ತಾಗಿರುತ್ತದೆ. ಇದನ್ನು ಬಲ್ಲ ಡಿಸೈನರ್ ಮೀಟಿಂಗಿನಲ್ಲಿ ಬಾಯಿ ತೆರೆದರೆ ಡೆವಲಪರ್‌ಗಳು ಲ್ಯಾಪ್‌ಟಾಪ್‌ನಿಂದ ತಲೆ ಎತ್ತುತ್ತಾರೆ.

ಡಿಸೈನ್ ಸಿಸ್ಟಮ್ ಅಂತ ಕೊರಗಬೇಡಿ. ಒಂದು ದಿನ ಕೂತು ನಿಮ್ಮ ಸಾಫ್ಟ್‌ವೇರ್‌ನಲ್ಲಿರುವ ಪ್ರತಿಯೊಂದು ಬಟನ್ನಿನ ಸ್ಕ್ರೀನ್‌ಶಾಟ್ ತೆಗೆದು ಒಂದೇ ಪುಟದಲ್ಲಿ ಅಂಟಿಸಿ. ನಾನು ಮಾಡಿದಾಗ ಹಸಿರು ಬಣ್ಣವೇ ಒಂಬತ್ತು ಬಗೆ ಸಿಕ್ಕಿತು, ಒಂಬತ್ತನ್ನೂ ಆರಿಸಿದವನು ನಾನೇ. ಒಂಬತ್ತನ್ನು ಎರಡಕ್ಕೆ ಇಳಿಸಿ. ಬಟನ್, ಖಾನೆ, ಪಟ್ಟಿ, ಎಚ್ಚರಿಕೆಯ ಡಬ್ಬಿ, ಇಷ್ಟು ಒಂದೇ ಥರ ಆದರೆ 16 ಡೆವಲಪರ್‌ಗಳ ಕಂಪನಿಗೆ ಧಾರಾಳ. ನೂರು ಜನ ಡಿಸೈನರ್‌ಗಳಿರುವ ಕಡೆಯ ಪಾತ್ರೆ ತಂದು ನಿಮ್ಮ ಒಲೆ ಮೇಲೆ ಇಡಬೇಡಿ.

ಬೇರೆ ಕಂಪನಿಗಳಲ್ಲಿ ನಿಮ್ಮ ಹಾಗೇ ಒಂಟಿಯಾಗಿರುವ ಇಬ್ಬರನ್ನು ಹುಡುಕಿ. ಹದಿನೈದು ದಿನಕ್ಕೊಂದು ಗಂಟೆ, ವಿಡಿಯೊ ಕರೆ. ಒಬ್ಬರು ತೋರಿಸುವುದು, ಇಬ್ಬರು ತಪ್ಪು ಹುಡುಕುವುದು, ತೋರಿಸಿದವರು ಮೊದಲ ಇಪ್ಪತ್ತು ನಿಮಿಷ ಸಮರ್ಥಿಸಿಕೊಳ್ಳುವ ಹಾಗಿಲ್ಲ. ಹೊರಬರದ ಕೆಲಸ ತೋರಿಸುವ ಮುನ್ನ ಮಾಲೀಕರನ್ನು ಕೇಳಿ, ಗಿರಾಕಿಗಳ ಹೆಸರು, ಅಂಕಿಗಳನ್ನು ಅಳಿಸಿ. ಮೂರಕ್ಕಿಂತ ಹೆಚ್ಚು ಜನರಾದರೆ ಅದು ಹರಟೆಯಾಗುತ್ತದೆ, ನೋಡಿದ್ದೇನೆ.

ಹುದ್ದೆಯ ಮಾತು. ಮುಂದಿನ ಅಪ್ರೈಸಲ್‌ನಲ್ಲಿ ಸಂಬಳ ಏರಿಸಲಾಗದ ಮಾಲೀಕರು ‘ಹೆಡ್ ಆಫ್ ಡಿಸೈನ್ ಮಾಡ್ತೀನಿ’ ಅನ್ನಬಹುದು. ತಲೆ ಮಾತ್ರ ಇರುವ, ಕೈಕಾಲಿಲ್ಲದ ಹುದ್ದೆ ಅದು. ನಾನಾಗಿದ್ದರೆ ಬೇಡ ಅನ್ನುತ್ತೇನೆ. ಇಂಟರ್‌ವ್ಯೂ ಮಾಡುವ ನಮ್ಮಂಥವರಿಗೆ ಮೂರು ವರ್ಷದ ‘ಹೆಡ್’ ಕಂಡರೆ ಗೌರವಕ್ಕಿಂತ ಅನುಮಾನವೇ ಮೊದಲು ಬರುತ್ತದೆ. ಅದರ ಬದಲು ಸೀನಿಯರ್ ಅಂತ ಕೇಳಿ, ಅದರ ಜೊತೆಗೆ ಕೆಲಸಕ್ಕೆ ಬರುವ ಹಕ್ಕುಗಳನ್ನು ಕೇಳಿ: ತಿಂಗಳಿಗೆ ಎರಡು ದಿನ ಅಂಗಡಿ ಸುತ್ತಲು ರಜೆಯಲ್ಲದ ರಜೆ, ಸಪೋರ್ಟ್ ಕರೆಗಳ ಪಟ್ಟಿ ನೋಡುವ ಅನುಮತಿ, ಮುಂದಿನ ಮೂರು ತಿಂಗಳಲ್ಲಿ ಏನು ಮಾಡಬೇಕು ಅಂತ ನಿರ್ಧರಿಸುವ ಮೀಟಿಂಗಿನಲ್ಲಿ ಒಂದು ಕುರ್ಚಿ. ಮಾಲೀಕರು ಒಳ್ಳೆಯವರು ಅಂದಿದ್ದೀರಿ, ಇವುಗಳಿಗೆ ಖರ್ಚೂ ಇಲ್ಲ.

ಇನ್ನು ಬೆಂಗಳೂರು. ಹೋಗಬೇಡಿ ಅಂತ ನಾನು ಹೇಳಲಾರೆ. ನಿಮಗಿಂತ ಚೆನ್ನಾಗಿ ಕೆಲಸ ಬಲ್ಲವರ ಪಕ್ಕ ಕೂತು, ಅವರು ಮೂರು ದಿನದ ಕೆಲಸವನ್ನು ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಅಳಿಸಿಹಾಕುವುದನ್ನು ನೋಡುವುದಿದೆಯಲ್ಲ, ಅದನ್ನು ಯಾವ ನೋಟ್‌ಬುಕ್ಕೂ ಕೊಡುವುದಿಲ್ಲ. ಅದು ನನಗೆ ಸಿಕ್ಕಿದ್ದು ತಡವಾಗಿ, ಇನ್ನೂ ಮೊದಲೇ ಸಿಗಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಅದೇ ಹೊತ್ತಿಗೆ, ಮೂವತ್ತು ಜನರ ತಂಡ ಸೇರಿ ಆರು ತಿಂಗಳು ಒಂದೇ ಸ್ಕ್ರೀನ್‌ನ ಒಂದೇ ಫಿಲ್ಟರ್ ಗೀಚುತ್ತ ಕೂತ ಹುಡುಗಿಯರನ್ನೂ ಕಂಡಿದ್ದೇನೆ. ಹಾಗಾಗಿ ನನ್ನ ಸಲಹೆ ಹೀಗೆ. ಮೇಲೆ ಹೇಳಿದ ಮೂರನ್ನು ಮಾಲೀಕರ ಮುಂದಿಡಿ. ಅಂಗಡಿಗೆ ಹೋಗಲು ಬಿಡದಿದ್ದರೆ, ಸಪೋರ್ಟ್ ಅಂಕಿ ತೋರಿಸದಿದ್ದರೆ, ಅಲ್ಲಿ ನಿಮ್ಮ ತಪ್ಪು ನಿಮಗೆ ಎಂದೂ ಕಾಣುವುದಿಲ್ಲ. ಆಗ ಬಸ್ಸು ಹತ್ತಿ. ಕೊಟ್ಟರೆ ಇನ್ನೊಂದು ವರ್ಷ ಇರಿ. ಆ ವರ್ಷದ ಕೊನೆಗೆ ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಮೂರೇ ಕಥೆ ಇದ್ದರೂ ಸಾಕು, ಅದರಲ್ಲಿ ಒಂದು ಮಾತ್ರ ನೀವು ಸೋತದ್ದಾಗಿರಲಿ. ನಾನು ಉತ್ತರಿಸಲಾಗದೆ ಕೂತ ಆ ಪ್ರಶ್ನೆಯನ್ನು ಈಗ ಎದುರು ಕೂತು ನಾನೇ ಕೇಳುತ್ತೇನೆ.

ಅಮರಗೋಳದ ಎಪಿಎಂಸಿಯಲ್ಲಿ ನಿಮ್ಮ ಸಾಫ್ಟ್‌ವೇರ್ ಇರುವ ಅಂಗಡಿ ಒಂದಾದರೂ ಇರಬೇಕು. ಸೇಲ್ಸ್‌ನವರನ್ನು ಜೊತೆಗೆ ಕರೆದೊಯ್ಯಬೇಡಿ, ಅವರಿದ್ದರೆ ಅಂಗಡಿಯವರು ರಿಯಾಯಿತಿಯ ಮಾತೇ ಆಡುತ್ತಾರೆ. ವ್ಯಾಪಾರದ ಗದ್ದಲದ ಹೊತ್ತಿನಲ್ಲಿ ಮೂಲೆಯಲ್ಲಿ ನಿಂತು ಕೈಗಳನ್ನು ನೋಡಿ, ಮಾತನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಚಹಾ ತರಿಸುತ್ತಾರೆ, ಬೇಡ ಅನ್ನಬೇಡಿ. ಎರಡನೇ ಕಪ್ಪಿನ ಹೊತ್ತಿಗೆ ‘ಒಂದ್ ಮಾತ್ ಹೇಳ್ಲೇನ್ರೀ ಮೇಡಮ್, ತಪ್ಪ್ ತಿಳೀಬ್ಯಾಡ್ರಿ’ ಅಂತ ಶುರು ಮಾಡುತ್ತಾರೆ. ಆಗ ನೋಟ್‌ಬುಕ್ ತೆಗೆಯಿರಿ.